ಮಲಗಿದರೆ ನಡುವಿಗೆ, ನಿಂತರೆ ಬಲಕ್ಕೆ: ರೈಫಲ್ ಕೆಟ್ಟಿದೆಯಾ?

ಪ್ರಶ್ನೆ: ನಾನು ಕೊಪ್ಪಳದವ, ಡಿಗ್ರಿ ಎರಡನೇ ವರ್ಷ. ಮರದ ಸ್ಟಾಕಿನ (ನಳಿಗೆ ಕೂರೋ ಹಿಡಿಕಿ) ಹಳೇ ಪಾಯಿಂಟ್ ಟೂ ಟೂ (0.22 ಇಂಚಿನ) ರೈಫಲ್‌ನಾಗ ಪ್ರಾಕ್ಟೀಸ್ ಮಾಡ್ತೀನಿ. ಸ್ಲಿಂಗ್ (ರೈಫಲ್ಲಿನ ಪಟ್ಟಿ) ತೋಳಿಗೆ ಬಿಗಿದು ಮಲಗಿ ಹೊಡೆದ್ರ ಎಲ್ಲಾ ನಡುವಿಗೇ ಬೀಳ್ತಾವ. ಅದೇ ರೈಫಲ್, ಅದೇ ಸೈಟ್ (ಗುರಿ ಹಿಡಿಯೋ ಗುರುತು), ನಿಂತು ಹೊಡೆದ್ರ ಮೇಲಕ್ಕ, ಬಲಕ್ಕ ಹೋಗ್ತಾವ. ರೈಫಲ್ ಕೆಟ್ಟದೋ, ನಾ ಕೆಟ್ಟೀನೋ?

ಉತ್ತರ: ಇಬ್ಬರೂ ಕೆಟ್ಟಿಲ್ಲದಿರಬಹುದು. ಮೊದಲು ಟಾರ್ಗೆಟ್ ಕಾಗದವನ್ನು ಸರಿಯಾಗಿ ಓದಿ. ನಿಂತಾಗ ಗುಂಡಿನ ತೂತುಗಳ ಗುಂಪು ಹಿಗ್ಗಿದೆಯೋ, ಇಲ್ಲಾ ಇಡೀ ಗುಂಪೇ ಜಾಗ ಬಿಟ್ಟು ಸರಿದಿದೆಯೋ? ಹಿಗ್ಗುವುದು ಎಲ್ಲರ ಹಣೆಬರಹ. ಮಲಗಿದಾಗ ಎರಡೂ ಮೊಣಕೈ ನೆಲದಲ್ಲಿರುತ್ತವೆ, ನಿಂತಾಗ ಎರಡು ಪಾದಗಳಷ್ಟೇ. ಒಲಿಂಪಿಕ್ಸ್‌ನ 50 ಮೀಟರ್ ತ್ರೀ ಪೊಸಿಷನ್ ಫೈನಲ್‌ನಲ್ಲೂ ಮಂಡಿಯೂರಿ, ಮಲಗಿ ಹೊಡೆದಾದ ಮೇಲೆ ಕೊನೆಗೆ ಬರುವುದು ನಿಂತ ಭಂಗಿ. ಸ್ಪರ್ಧಿಗಳು ಹೊರಬೀಳುತ್ತಾ ಹೋಗುವುದು ಅಲ್ಲಿಯೇ. 2024ರ ಪ್ಯಾರಿಸ್‌ನಲ್ಲಿ ನಮ್ಮ ದೇಶದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಆ ಹಂತ ದಾಟಿ.

ನೀವು ಹೇಳಿದ್ದು ಸರಿಯುವ ಕತೆ. ಅದಕ್ಕೆ ಕಾರಣಗಳು ಬೇರೆ.

ಮೊದಲನೆಯದು ಮೈ. ರಾಯಚೂರು ಗಂಜಿನ ಹಮಾಲರು ಚೀಲ ಎತ್ತುವುದನ್ನು ನೋಡಿದ್ದೀರಲ್ಲ, ಭಾರ ಬೆನ್ನಿನ ಎಲುಬಿನ ಮೇಲೆ ಕೂರುತ್ತದೆ, ತೋಳಿನ ಮಾಂಸಖಂಡದ ಮೇಲಲ್ಲ. ನಿಂತು ಹೊಡೆಯುವಾಗಲೂ ಹಾಗೆಯೇ: ಎಡ ಮೊಣಕೈ ಸೊಂಟದ ಎಲುಬಿಗೆ ಆತುಕೊಳ್ಳಬೇಕು, ರೈಫಲ್ ಅದರ ಮೇಲೆ ಕೂರಬೇಕು. ಖಾಲಿ ರೈಫಲ್ ಹಿಡಿದು ಗುರಿ ಇಟ್ಟು ಕಣ್ಣು ಮುಚ್ಚಿ, ಎರಡು ಸಲ ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಸೈಟ್ ಬಲಕ್ಕೆ ನಿಂತಿದ್ದರೆ ನಿಮ್ಮ ಮೈ ಸಹಜವಾಗಿ ನೋಡುತ್ತಿರುವುದೇ ಬಲಕ್ಕೆ. ಇಷ್ಟು ದಿನ ತೋಳಿನ ಬಲದಿಂದ ಅದನ್ನು ನಡುವಿಗೆ ಎಳೆದು ತರುತ್ತಿದ್ದಿರಿ. ಟ್ರಿಗರ್ ಒತ್ತುವ ಗಳಿಗೆಯಲ್ಲಿ ತೋಳು ಚೂರು ಸಡಿಲಾದರೂ ಗುಂಡು ಮೈಯ ದಿಕ್ಕಿಗೇ ಹೋಗುತ್ತದೆ. ಆಗ ತೋಳು ತಿರುಗಿಸಬೇಡಿ, ಪಾದ ಸರಿಸಿ.

ಎರಡನೆಯದು ಮರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಗುಮಾನಿ ಇರುವುದು ಇದರ ಮೇಲೆಯೇ. ಬಿಗಿದ ಸ್ಲಿಂಗ್ ಸ್ಟಾಕಿನ ಮುಂಭಾಗವನ್ನು ಕೆಳಕ್ಕೆ, ಎಡಗೈಯ ಕಡೆಗೆ ಜಗ್ಗುತ್ತದೆ. ತೆಳು ಮರ ಬಾಗುತ್ತದೆ. ಬ್ಯಾರಲ್ಲು (ನಳಿಗೆ) ಮರಕ್ಕೆ ತಾಗಿಕೊಂಡಿದ್ದರೆ ಅದರ ಮೇಲಿನ ಒತ್ತಡವೂ ಬದಲಾಗಿ, ಗುಂಡು ಕೆಳಕ್ಕೆ, ಎಡಕ್ಕೆ ಬೀಳುತ್ತದೆ. ನೀವು ಸೈಟ್ ಸರಿಮಾಡಿದ್ದು ಈ ಜಗ್ಗಾಟದ ನಡುವೆ. ನಿಂತು ಹೊಡೆಯುವಾಗ ಸ್ಲಿಂಗ್ ಇಲ್ಲ, ನಿಯಮವೂ ಬಿಡುವುದಿಲ್ಲ. ಜಗ್ಗುವ ಕೈ ಬಿಟ್ಟಿತು, ಗುಂಡು ಮೇಲಕ್ಕೆ, ಬಲಕ್ಕೆ. ನೀವು ಬರೆದಿರುವ ದಿಕ್ಕೂ ಅದೇ, ನೋಡಿ.

ಎಷ್ಟು ಬಾಗಿದರೆ ತೊಂದರೆ? ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 80 ಸೆಂ.ಮೀ. ಅಂತರ ಅನ್ನಿ. ಮುಂದಿನ ತುದಿ 0.1 ಮಿ.ಮೀ., ಅಂದರೆ ಒಂದು ಕೂದಲೆಳೆ, ಸರಿದರೆ 50 ಮೀಟರಿನಲ್ಲಿ ಗುಂಡು 6 ಮಿ.ಮೀ. ಆಚೆಗೆ ಹೋಗುತ್ತದೆ. ಅಲ್ಲಿ ಹತ್ತರ ವೃತ್ತದ ಅಡ್ಡಳತೆಯೇ 10.4 ಮಿ.ಮೀ.

ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಅಗುಳಿ) ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಬ್ಯಾರಲ್ಲಿಗೂ ಮರಕ್ಕೂ ನಡುವೆ ಒಂದು ಕಾಗದದ ಪಟ್ಟಿ ಜಾರಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮರ ತಾಗಿದೆ. ಗೆಳೆಯನಿಂದ ಸ್ಲಿಂಗ್ ಜಗ್ಗಿಸಿ ಇನ್ನೊಮ್ಮೆ ಜಾರಿಸಿ. ಮರ ಸುಮ್ಮನಿರುವ ವಸ್ತುವಲ್ಲ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಬೊಂಬೆ ಕೆತ್ತುವ ಕಿನ್ನಾಳದಲ್ಲಿ ಯಾರನ್ನಾದರೂ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಹಾಗಾಗಿ ಜನವರಿಯ ಸೈಟ್ ಜುಲೈಗೆ ಸರಿಹೋಗದಿದ್ದರೆ ಅಚ್ಚರಿ ಬೇಡ. ಆದರೆ ತಾಗುತ್ತದೆ ಅಂತ ಉಳಿ ಹಿಡಿದು ಮರ ಕೆರೆಯಲು ಕೂರಬೇಡಿ. ಕೆಲವು ಹಳೇ ರೈಫಲ್‌ಗಳಲ್ಲಿ ಮರ ತಾಗುವಂತೆ ಬೇಕೆಂದೇ ಮಾಡಿರುತ್ತಾರೆ, ಮೇಲಾಗಿ ರೈಫಲ್ ನಿಮ್ಮ ಸ್ವಂತದ್ದಲ್ಲದೆಯೂ ಇರಬಹುದು.

ಮೂರನೆಯದು ಹಿಮ್ಮೆಟ್ಟು. ಗುಂಡು ನಳಿಗೆ ಬಿಡುವ ಮೊದಲೇ ರೈಫಲ್ ಹಿಂದಕ್ಕೆ ಸರಿಯಲು ಶುರುಮಾಡಿರುತ್ತದೆ. ಪಾಯಿಂಟ್ ಟೂ ಟೂ ಗುಂಡು 2.6 ಗ್ರಾಂ, ರೈಫಲ್ 5 ಕೆ.ಜಿ. ಎಂದಿಟ್ಟುಕೊಂಡರೆ ಆ ಸರಿಯುವಿಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಅಷ್ಟರಲ್ಲಿ ಬಟ್ (ರೈಫಲ್ಲಿನ ಹಿಂತುದಿ) ಭುಜದಲ್ಲಿ ಎಲ್ಲಿ ಕೂತಿದೆ, ಕೆನ್ನೆ ಎಷ್ಟು ಒತ್ತಿದೆ ಎನ್ನುವುದು ನಳಿಗೆಯ ಮೂತಿಯನ್ನು ಅತ್ತಿತ್ತ ಮಾಡುತ್ತದೆ. ಸ್ಪ್ರಿಂಗ್ ಏರ್‌ಗನ್ ಅಂತೂ ಇನ್ನೂ ನಖರಾ. ಗವಿಮಠದ ಜಾತ್ರೆಯ ಬಲೂನ್ ಅಂಗಡಿಯಲ್ಲಿ ಬಂದೂಕನ್ನು ಹಲಗೆಯ ಅಂಚಿಗೆ ಊರಿ ಹೊಡೆದು ನಾನು ಐದಕ್ಕೆ ಐದೂ ತಪ್ಪಿಸಿದ್ದುಂಟು; ಪಕ್ಕದ ಹುಡುಗ ಅಂಗೈ ಮೇಲೆ ಸಡಿಲವಾಗಿಟ್ಟು ನಾಲ್ಕು ಒಡೆದ. ಗಟ್ಟಿ ಹಲಗೆ ಒದೆಯುತ್ತದೆ, ಅಂಗೈ ನುಂಗಿಕೊಳ್ಳುತ್ತದೆ. (ಆ ಅಂಗಡಿಯ ಸೈಟ್ ಸೊಟ್ಟ ಇರುತ್ತದೆ ಎಂಬುದು ಬೇರೆ ಮಾತು.)

ಭಂಗಿಗೊಂದು ಸೈಟ್ ಇಡುವುದು ತಪ್ಪಲ್ಲ. ತ್ರೀ ಪೊಸಿಷನ್ ಶೂಟರ್‌ಗಳ ಡೈರಿಯಲ್ಲಿ ಯಾವ ಭಂಗಿಗೆ ಎಷ್ಟು ಕ್ಲಿಕ್ (ಸೈಟಿನ ತಿರುಪಿನ ಒಂದೊಂದು ಹೆಜ್ಜೆ) ಅಂತ ಬರೆದಿರುತ್ತದೆ. ಆದರೆ ಕ್ಲಿಕ್ ತಿರುಗಿಸುವ ಮುನ್ನ ಇದೊಂದು ಮಾಡಿ: ಮುಂದಿನ ಸಲ ರೇಂಜಿನಲ್ಲಿ ಸ್ಲಿಂಗ್ ಬಿಗಿದು ಮಲಗಿ ಐದು, ಆಮೇಲೆ ಅದೇ ಜಾಗದಲ್ಲಿ ಸ್ಲಿಂಗ್ ಬಿಚ್ಚಿ ಐದು ಹೊಡೆಯಿರಿ, ಮರಳುಚೀಲದ ಆಸರೆ ಕೊಡಬೇಡಿ. ಎರಡನೇ ಗುಂಪು ಮೇಲಕ್ಕೆ, ಬಲಕ್ಕೆ ಏರಿದರೆ ತಪ್ಪು ಮರದ್ದೆಂದು ಹಿಡಿಯಿರಿ. ಹಿಗ್ಗಿಯೂ ಅಲ್ಲೇ ಕೂತಿದ್ದರೆ ಪಾದದಿಂದ ಶುರುಮಾಡಿ.