ಎಲ್ಲ ಕೇಂದ್ರಗಳ ಮಳೆ ಲೆಕ್ಕವನ್ನು ಒಂದೇ ಫೈಲಿಗೆ ಹಾಕಿದರೆ ಆಯಿತಲ್ವಾ?

ಪ್ರಶ್ನೆ: ಮಳೆ, ತಾಪಮಾನ, ಹಳ್ಳದ ಹರಿವು ಇವನ್ನೆಲ್ಲ ದಶಕಗಳಿಂದ ಅಳೆಯುತ್ತಿರುವ ಸಂಶೋಧನಾ ಕೇಂದ್ರಗಳು ಬೇಕಾದಷ್ಟಿವೆ. ಎಲ್ಲರೂ ತಮ್ಮ ಡೇಟಾವನ್ನು ಒಂದು ಕಡೆ ತಂದು ಹಾಕಿದರೆ ಮುಗಿಯಿತು. ಅದಕ್ಕೆ ಇಷ್ಟು ಕಾಲ ಯಾಕೆ ಬೇಕು?

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಇದರ ಹಿಂದಿರುವುದು ಒಂದೇ ನಂಬಿಕೆ: ಮಿಲಿಮೀಟರ್ ಎಲ್ಲಿ ಹೋದರೂ ಮಿಲಿಮೀಟರೇ, ಹಾಗಾಗಿ ಅಂಕಿಗಳನ್ನು ಸುಮ್ನೆ ಒಂದರ ಕೆಳಗೊಂದು ಜೋಡಿಸಿದರೆ ಸಾಕು ಅಂತ. ಸಾಲದು. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಮಂಗಳವಾರ ಬೆಳಿಗ್ಗೆ 8ಕ್ಕೆ ಮಳೆಮಾಪಕದಲ್ಲಿ 40 ಮಿ.ಮೀ. ಸಿಕ್ಕಿತು ಅಂದುಕೊಳ್ಳಿ. ಅಷ್ಟೂ ಸೋಮವಾರ ಸಂಜೆ ಬಿದ್ದ ಮಳೆ. ಒಂದು ಕೇಂದ್ರ ಅದನ್ನು ಅಳೆದ ದಿನಕ್ಕೆ, ಅಂದರೆ ಮಂಗಳವಾರಕ್ಕೆ ಬರೆಯುತ್ತದೆ. ಇನ್ನೊಂದು ಸೋಮವಾರಕ್ಕೆ ಬರೆಯುತ್ತದೆ. ಇಬ್ಬರದೂ ತಪ್ಪಲ್ಲ. ಆದರೆ ಹಳ್ಳದ ಹರಿವಿನ ಲೆಕ್ಕ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಮೊದಲನೆಯ ಕೇಂದ್ರದ ಮಳೆಯನ್ನು ಆ ಹರಿವಿನ ಪಕ್ಕ ಇಟ್ಟು ನೋಡಿ, ಮಳೆ ಬರುವ ಮೊದಲೇ ಹಳ್ಳ ಏರಿದಂತೆ ಕಾಣುತ್ತದೆ!

ತಾಪಮಾನದ ಕಥೆ ಇನ್ನೂ ಸೂಕ್ಷ್ಮ. ದಿನದ ಸರಾಸರಿ ಅಂದರೆ ಕೆಲವು ಕಡೆ ಗರಿಷ್ಠ, ಕನಿಷ್ಠ ಕೂಡಿಸಿ ಅರ್ಧ ಮಾಡಿದ್ದು. ಕೆಲವು ಕಡೆ 24 ಗಂಟೆಗಳ ಅಂಕಿಯ ಸರಾಸರಿ. ಎರಡೂ ಒಂದೇ ಆಗಬೇಕಿಲ್ಲ. ಇನ್ನು ಗರಿಷ್ಠ ಥರ್ಮಾಮೀಟರನ್ನು ಸಂಜೆ 5ಕ್ಕೆ ನೋಡಿ, ಆಗಿರುವ ತಾಪಮಾನಕ್ಕೇ ಇಳಿಸಿ ಮತ್ತೆ ಶುರು ಮಾಡುವ ಕಡೆ, ಆ ಹೊತ್ತಿನ ಸೆಖೆ ಮರುದಿನದ ಖಾತೆಗೂ ಹೋಗುತ್ತದೆ. ಮರುದಿನ ತಂಪಾಗಿದ್ದರೂ ಗರಿಷ್ಠ ಮಾತ್ರ ಹಿಂದಿನ ಸಂಜೆಯದ್ದೇ. ಕೆಲ ವರ್ಷಗಳ ನಂತರ ಅಲ್ಲಿ ಬೆಳಿಗ್ಗೆ ನೋಡುವ ಪದ್ಧತಿ ಬಂದರೆ, ಊರು ತಣ್ಣಗಾಗದಿದ್ದರೂ ದಾಖಲೆ ತಣ್ಣಗಾಗುತ್ತದೆ.

ಹರಿವಿನಲ್ಲೂ ಅಷ್ಟೇ. ಸೆಕೆಂಡಿಗೆ 10 ಲೀಟರ್ ನೀರು ಇಡೀ ದಿನ ಹರಿದರೆ, 10 ಹೆಕ್ಟೇರ್ ಜಲಾನಯನದ (ಹಳ್ಳಕ್ಕೆ ನೀರು ಹರಿದು ಬರುವ ನೆಲದ) ಮೇಲೆ ಹರಡಿ ನೋಡಿದರೆ ಅದು 8.64 ಮಿ.ಮೀ. 100 ಹೆಕ್ಟೇರ್‌ಗೆ ಬರೀ 0.864 ಮಿ.ಮೀ. ವಿಸ್ತೀರ್ಣ ಬರೆದಿಲ್ಲ ಅಂದರೆ ಎರಡು ಹಳ್ಳಗಳನ್ನು ಹೋಲಿಸುವ ದಾರಿಯೇ ಇಲ್ಲ. ಮಾಪಕ ಕೆಟ್ಟ ದಿನ ಒಬ್ಬರು ಜಾಗ ಖಾಲಿ ಬಿಡುತ್ತಾರೆ, ಇನ್ನೊಬ್ಬರು ಅಂಕಿ ಇಲ್ಲ ಅನ್ನುವ ಗುರುತಾಗಿ -9999 ಹಾಕುತ್ತಾರೆ, ಮತ್ತೊಬ್ಬರು ಸೊನ್ನೆ. ಸೊನ್ನೆ ಅಂದರೆ ಮಳೆ ಬರಲಿಲ್ಲ ಅಂತ. ಖಾಲಿ ಅಂದರೆ ಗೊತ್ತಿಲ್ಲ ಅಂತ. ಇವೆರಡನ್ನು ಕಲಸಿದರೆ ಬರಗಾಲವನ್ನೇ ಹುಟ್ಟಿಸಬಹುದು.

ಅಮೆರಿಕದ ದೀರ್ಘಾವಧಿ ಪರಿಸರ ಸಂಶೋಧನಾ ಜಾಲ 1980ರಲ್ಲಿ ಶುರುವಾಯಿತು. ಅದಕ್ಕೆ ಸೇರಿದ ಕೆಲವು ತಾಣಗಳು ಜಾಲಕ್ಕಿಂತ ಹಳೆಯವು: ಕೊವೀಟಾ 1934ರದ್ದು, ಹಬರ್ಡ್ ಬ್ರೂಕ್ 1955ರದ್ದು. ಪ್ರತಿಯೊಂದಕ್ಕೂ ತನ್ನದೇ ಪದ್ಧತಿ. ಅದಕ್ಕಾಗಿ ಜಾಲದವರು ಕಟ್ಟಿದ್ದು ಕ್ಲೈಮ್‌ಡಿಬಿ ಮತ್ತು ಹೈಡ್ರೋಡಿಬಿ ಅನ್ನುವ ಹವಾಮಾನ ಮತ್ತು ಹರಿವಿನ ಡೇಟಾ ಭಂಡಾರಗಳು. ಮೂಲ ಡೇಟಾ ಆಯಾ ಕೇಂದ್ರದಲ್ಲೇ ಇರುತ್ತಿತ್ತು. ಒಪ್ಪಿಕೊಂಡ ನಮೂನೆಯಲ್ಲಿ ದಿನವಾರು ಅಂಕಿಗಳನ್ನು ಕೇಂದ್ರದವರು ಸಿದ್ಧ ಮಾಡಿಡುತ್ತಿದ್ದರು, ಮಧ್ಯದ ವ್ಯವಸ್ಥೆ ಬಂದು ತೆಗೆದುಕೊಂಡು ಹೋಗುತ್ತಿತ್ತು. ನನಗೆ ಇದೇ ಸರಿಯಾದ ಏರ್ಪಾಡು ಅನಿಸುತ್ತದೆ. ಯಾಕಂದರೆ ಅಂಕಿಯಲ್ಲಿ ಎಡವಟ್ಟಿದ್ದರೆ ಅದು ಗೊತ್ತಾಗುವುದು ಅಳೆದವರಿಗೇ.

ಇಷ್ಟೆಲ್ಲ ಕಷ್ಟಪಟ್ಟು ಜೋಡಿಸಿದ ಮೇಲೆ ಸಿಕ್ಕಿದ್ದೇನು? ಇದನ್ನು ಕೇಳುವವರು ಕಡಿಮೆ, ಆದರೂ ಹೇಳಲೇಬೇಕು. ಬಿಸಿ ಏರಿದರೆ ಹಳ್ಳದ ನೀರು ಇಳಿಯಲೇಬೇಕು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. 2012ರಲ್ಲಿ ಅಮೆರಿಕ ಮತ್ತು ಕೆನಡಾದ 35 ಸಣ್ಣ ಜಲಾನಯನಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು ಪ್ರಕಟವಾಯಿತು. 20ರಿಂದ 60 ವರ್ಷದ ದಾಖಲೆಯಿದ್ದ 19 ತಾಣಗಳಲ್ಲಿ 17 ಕಡೆ ತಾಪಮಾನ ಸ್ಪಷ್ಟವಾಗಿ ಏರಿತ್ತು. ಆದರೆ ಹರಿವಿನ ಬದಲಾವಣೆ ನೇರವಾಗಿ ಹವಾಮಾನಕ್ಕೆ, ಅದೂ ಹಿಮ ಮತ್ತು ಮಂಜುಗಡ್ಡೆಯ ಮೂಲಕ, ಹೊಂದಿಕೆಯಾದದ್ದು 7 ಕಡೆ ಮಾತ್ರ. ಉಳಿದ ಕಡೆ ಮತ್ತೆ ಬೆಳೆಯುತ್ತಿರುವ ಕಾಡು, ಹಿಂದೆಂದೋ ಆದ ಮರ ಕಡಿತ, ಜನರ ನೀರಿನ ಬಳಕೆ ಇವೆಲ್ಲ ಹವಾಮಾನದ ಗುರುತನ್ನು ಮುಚ್ಚಬಹುದು, ಇಲ್ಲದ ಗುರುತನ್ನು ತೋರಿಸಲೂಬಹುದು. ಹಾಗಾಗಿ ಮಳೆಯ ಅಂಕಿ ಕಳಿಸುವಾಗ ಆ ಜಲಾನಯನದಲ್ಲಿ ಯಾವ ವರ್ಷ ಮರ ಕಡಿದರು ಅನ್ನುವುದನ್ನೂ ಜೊತೆಗೆ ಬರೆದು ಕಳಿಸಿ.