ಶನಿವಾರ ರಾತ್ರಿಯ ಕನ್ನಡ: ಮುಂಬಯಿಯಲ್ಲಿ ಶನಿಪೂಜೆ ಬೇರು ಬಿಟ್ಟ ಬಗೆ

ಶ್ರಾವಣದ ಶನಿವಾರ ಸಂಜೆ. ಮುಂಬಯಿಯ ತುಳು-ಕನ್ನಡಿಗರ ಮನೆ. ಹಾಲ್‌ನಲ್ಲಿದ್ದ ಸೋಫಾ ಪ್ಯಾಸೇಜಿಗೆ ಹೋಗಿದೆ. ಕಲಶದ ಮುಂದೆ ಎಳ್ಳೆಣ್ಣೆ ದೀಪ, ಪಕ್ಕದಲ್ಲಿ ಕಪ್ಪು ಬಟ್ಟೆಯಲ್ಲಿ ಕಟ್ಟಿದ ಎಳ್ಳಿನ ಗಂಟು. ಒಬ್ಬರು ಶನಿ ಮಹಾತ್ಮೆಯ ಪದ್ಯವನ್ನು ರಾಗವಾಗಿ ಕನ್ನಡದಲ್ಲಿ ಓದುತ್ತಾರೆ. ಎದುರಿಗೆ ಕೂತವರು ಅರ್ಥ ಹೇಳುತ್ತಾರೆ, ಹೆಚ್ಚಾಗಿ ತುಳುವಿನಲ್ಲಿ.

ಶನಿಪೂಜೆ ಊರಿನಲ್ಲೂ ಇದೆ. ಇಲ್ಲಿ ಅದಕ್ಕೆ ಇಷ್ಟು ಬಲ ಬಂದದ್ದಕ್ಕೆ ಕಾರಣ ಹುಡುಕಬೇಕೆಂದರೆ ಹಡಗಿನ ಕಾಲಕ್ಕೆ ಹೋಗಬೇಕು.

ಕರಾವಳಿಯಿಂದ ಜನ ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದರು. ಮಳೆಗಾಲದಲ್ಲಿ ಹಡಗು ನಿಲ್ಲುತ್ತಿತ್ತು. ನಾಗರಪಂಚಮಿ, ಅಷ್ಟಮಿ, ಚೌತಿ ಎಲ್ಲ ಬರುವುದು ಆಗಲೇ ಅಲ್ವಾ? ಊರಿನ ದೈವವೋ ಅದೇ ಮಣ್ಣಿಗೆ ಸೇರಿದ್ದು. ನಾಗಬನವನ್ನು ಟ್ರಂಕಿಗೆ ಹಾಕಿ ತರಲಾಗದು. ಪುಸ್ತಕವನ್ನು ತರಬಹುದು.

ತಂದರು ಕೂಡ. ಕರಾವಳಿಯ ಮೀನುಗಾರ ಸಮುದಾಯದ ಮೊಗವೀರರು 1878ರಲ್ಲೇ ಇಲ್ಲಿ ಶ್ರೀಮದ್ಭಾರತ ಮಂಡಳಿ ಕಟ್ಟಿದರು. ಮಹಾಭಾರತ ಓದಲಿಕ್ಕೆಂದು ಹೆಸರೇ ಹೇಳುತ್ತದೆ. ಪುಣೆಯಲ್ಲಿ ತಿಲಕರು ಗಣೇಶೋತ್ಸವವನ್ನು ಬೀದಿಗೆ ತಂದದ್ದು 1893ರಲ್ಲಿ, ಅಂದರೆ ಹದಿನೈದು ವರ್ಷ ಆಮೇಲೆ. ಮುಂದೆ ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಬಂಟರ ಸಂಘ (1927), ಬಿಲ್ಲವರ ಅಸೋಸಿಯೇಶನ್ (1932) ಹುಟ್ಟಿದವು. ಜಾತಿಗೊಂದು ಸಂಘ ಎಂಬುದು ನನಗೆ ಇಂದಿಗೂ ಕಸಿವಿಸಿ. ಆದರೂ ಒಂದು ಮಾತು ಒಪ್ಪಲೇಬೇಕು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗೆ ಕನ್ನಡ ಅಕ್ಷರ ಸಿಕ್ಕಿದ್ದು ಇಂಥ ಸಂಘಗಳವರು ನಡೆಸಿದ ರಾತ್ರಿ ಶಾಲೆಗಳಲ್ಲಿ. ಪಾರಾಯಣಕ್ಕೆ ಓದುಗರು ಬಂದದ್ದೂ ಅಲ್ಲಿಂದಲೇ.

ಇನ್ನು ಕಥೆ. ರಾಜ ವಿಕ್ರಮ ಶನಿಯ ಕಾಟಕ್ಕೆ ಸಿಕ್ಕಿ ಗೊತ್ತಿಲ್ಲದ ಊರಿಗೆ ಬೀಳುತ್ತಾನೆ. ಮಾಡದ ಕಳ್ಳತನ ತಲೆಗೆ ಬರುತ್ತದೆ, ಕೈಕಾಲು ಕಳೆದುಕೊಳ್ಳುತ್ತಾನೆ. ಕಡೆಗೆ ಒಬ್ಬ ಗಾಣಿಗ ಕರೆದು ಅನ್ನ ಹಾಕುತ್ತಾನೆ. ರಾಜ ಗಾಣದ ಮೇಲೆ ಕೂತು ಎತ್ತು ಹೊಡೆಯುತ್ತಾನೆ. ಏಳೂವರೆ ವರ್ಷ. ಊರಿನಲ್ಲಿ ಗದ್ದೆ ಬಿಟ್ಟು ಬಂದು ಅಡುಗೆಮನೆಯ ಮೂಲೆಯಲ್ಲಿ ಮಲಗುತ್ತಿದ್ದ ಹುಡುಗನಿಗೆ ಇದು ಸುಮ್ನೆ ಪುರಾಣ ಆಗಿರಲಿಲ್ಲ. ಗಾಣಿಗನ ಭಾಗ ಬಂದಾಗ ಕಣ್ಣೊರೆಸಿಕೊಳ್ಳುವ ಹಿರಿಯರನ್ನು ನಾನು ಕಂಡಿದ್ದೇನೆ.

ಹೊರಗಿನವರ ಕಣ್ಣಿಗೆ ಜಾಸ್ತಿ ಬೀಳುವುದು ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಗಣಪತಿ. 1955ರಿಂದ ನಡೆದಿದೆ, 2025ರಲ್ಲಿ ಮೈಮೇಲಿನ ಬಂಗಾರವೂ ಸೇರಿ 474.46 ಕೋಟಿ ರೂಪಾಯಿಯ ವಿಮೆ. ಆದರೆ ಆ ಬಂಗಾರಕ್ಕಿಂತ ಈ ಬಾಡಿಗೆ ಮನೆಗಳ ಓದೇ ಕನ್ನಡವನ್ನು ಹೆಚ್ಚು ಕಾಪಾಡಿತು ಎಂದು ನಾನು ನಂಬುತ್ತೇನೆ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಈಗ ನಾಗನಿಗೆ ತನು, ಅಂದರೆ ಹಾಲು, ಎಳನೀರು ಎರೆಯಲಿಕ್ಕೆ ಮಳೆಗಾಲದಲ್ಲೂ ಊರಿಗೆ ಹೋಗಿ ಬರಬಹುದು. ದೂರ ಕಡಿಮೆಯಾಯಿತು. ಅಕ್ಷರ ಮಾತ್ರ ದೂರವಾಯಿತು. ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ತೀರ ಕಡಿಮೆ. ಮನೆಯಲ್ಲಿ ತುಳು, ಹೊರಗೆ ಮರಾಠಿ, ಹಿಂದಿ. ಪುಸ್ತಕ ಹಿಡಿದು ಕೂರುವವರು ಎಪ್ಪತ್ತು ದಾಟಿದವರು.

ಹೋದ ಶ್ರಾವಣದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಓದಲು ಕೂತಳು. ಪದ್ಯಗಳನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದಳು. ಮರಾಠಿಯ ಪುಣ್ಯ, ‘ಳ’ ಚೆನ್ನಾಗಿ ಬಂತು. ಎಡವಿದ್ದು ‘ಎ’, ‘ಒ’ಗಳಲ್ಲಿ. ಆ ಲಿಪಿಯಲ್ಲಿ ‘ಕೊಡು’, ‘ಕೋಡು’ ಎರಡಕ್ಕೂ ಒಂದೇ ಬರಹ. ಅರ್ಥ ಹೇಳುತ್ತಿದ್ದ ಅಜ್ಜ ಪ್ರತಿ ಸಲ ಮೆಲ್ಲಗೆ ತಿದ್ದಿದರು. ಅವಳು ಪೆನ್ಸಿಲ್ ತೆಗೆದು ಆ ಅಕ್ಷರಗಳ ಮೇಲೆ ಕನ್ನಡದ ಎತ್ವ, ಒತ್ವ ಬರೆದುಕೊಂಡಳು.