ಯಾರಿಗೆ ಗೊತ್ತು, ಯಾವಾಗ ಗೊತ್ತಾಯಿತು?

ಚಿತ್ರಕಥೆ ತಿದ್ದುವ ಕೆಲಸದಲ್ಲಿ ನನ್ನ ಕಿವಿಗೆ ಜಾಸ್ತಿ ಬೀಳುವ ದೂರು ಒಂದೇ: 'ನಡುವೆ ಲ್ಯಾಗ್ ಆಗ್ತಿದೆ.' ಕೂಡಲೇ ಇನ್ನೊಂದು ಜಗಳ, ಇನ್ನೊಂದು ಅಪಘಾತ ಸೇರಿಸಲು ಹೊರಡುತ್ತಾರೆ. ಆದರೂ ಎಳೆದಂತೆ ಅನ್ನಿಸುವುದು ತಪ್ಪುವುದಿಲ್ಲ. ಇಂಥ ಕಡೆ ನಾನು ಮೊದಲು ನೋಡುವುದು, ಈ ದೃಶ್ಯದಲ್ಲಿ ಪಾತ್ರಕ್ಕೆ ಏನು ಗೊತ್ತು, ಪ್ರೇಕ್ಷಕರಿಗೆ ಏನು ಗೊತ್ತು ಎಂಬುದನ್ನು. ಇಬ್ಬರಿಗೂ ಅಷ್ಟೇ ಗೊತ್ತಿದ್ದು, ತಿಳಿಯಬೇಕಾದ್ದು ಏನೂ ಉಳಿದಿಲ್ಲದಿದ್ದರೆ ದೃಶ್ಯ ಸುಮ್ನೆ ಕೂತುಬಿಡುತ್ತದೆ.

ಈ ಪ್ರಶ್ನೆ ಬಂದಿದ್ದು ಕಥನ ಸಿದ್ಧಾಂತದಿಂದ, ಅಂದರೆ ಕಥೆಯನ್ನು ಹೇಗೆ ಹೇಳಲಾಗುತ್ತದೆ ಎಂಬುದರ ಅಧ್ಯಯನದಿಂದ. 1920ರ ದಶಕದಲ್ಲಿ ವಿಕ್ಟರ್ ಶ್ಕ್ಲೋವ್‌ಸ್ಕಿ ಮತ್ತಿತರ ರಷ್ಯನ್ ವಿಮರ್ಶಕರು ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಿದರು. ಘಟನೆಗಳು ನಡೆದ ಕ್ರಮ ಒಂದು, ಅದನ್ನು ಫಾಬುಲಾ ಎಂದರು. ಅವನ್ನು ನಮ್ಮ ಮುಂದಿಡುವ ಕ್ರಮ ಇನ್ನೊಂದು, ಅದು ಸ್ಯುಜೆಟ್. ಅಮೆರಿಕದ ಸಿನಿಮಾ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ 1985ರ ಪುಸ್ತಕದಲ್ಲಿ ಇದೇ ಮಾತನ್ನು ಸಿನಿಮಾಗೆ ಒಗ್ಗಿಸಿ ವಿವರವಾಗಿ ಬರೆದರು. ತೆರೆಯ ಮೇಲೆ ಬರುವುದು ಕಥೆಯ ಚೂರುಗಳು ಮಾತ್ರ. ಅವನ್ನು ಜೋಡಿಸಿ, ಊಹಿಸಿ, ಊಹೆ ತಪ್ಪಾದರೆ ಬದಲಿಸಿ ಪೂರ್ತಿ ಕಥೆ ಕಟ್ಟಿಕೊಳ್ಳುವವರು ನೋಡುವವರೇ. ಆ ಕೆಲಸ ಸಿಕ್ಕಷ್ಟು ಹೊತ್ತು ಅವರು ಸೀಟಿನಲ್ಲಿ ಕೂರುತ್ತಾರೆ.

ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಒಂದು ಬಾಂಬಿನ ಉದಾಹರಣೆಯಲ್ಲಿ ವಿವರಿಸಿದ್ದರು. ಫ್ರೆಂಚ್ ನಿರ್ದೇಶಕ ಫ್ರಾನ್ಸುವಾ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ಅದು ಬರುತ್ತದೆ. ಮೇಜಿನ ಸುತ್ತ ಜನ ಏನೋ ಸಾಧಾರಣ ಮಾತಾಡುತ್ತಿದ್ದಾರೆ. ಕೆಳಗೆ ಬಾಂಬ್ ಇದೆ. ನಮಗೆ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡಿನ ಅಚ್ಚರಿ. ಬಾಂಬ್ ಇಟ್ಟಿದ್ದನ್ನೂ ಗಡಿಯಾರವನ್ನೂ ಮೊದಲೇ ತೋರಿಸಿದರೆ 15 ನಿಮಿಷದ ಸಸ್ಪೆನ್ಸ್. ಮಾತು ಅದೇ, ಮೇಜು ಅದೇ. ಬದಲಾಗಿದ್ದು ನಮಗೆ ಗೊತ್ತಿರುವುದು ಮಾತ್ರ.

ಬಾಂಬೇ ಬೇಕೆಂದಿಲ್ಲ. ಒಬ್ಬ ಹೆಂಗಸಿನ ಕೆಲಸ ಹೋಗಿದೆ, ಮನೆಯಲ್ಲಿ ಹೇಳಿಲ್ಲ ಅಂತಿಟ್ಟುಕೊಳ್ಳಿ. ಬರಹಗಾರರು ಇದನ್ನು ಎಪ್ಪತ್ತನೇ ನಿಮಿಷಕ್ಕೆ ಟ್ವಿಸ್ಟ್ ಆಗಿ ಎತ್ತಿಡುತ್ತಾರೆ. ಹತ್ತನೇ ನಿಮಿಷಕ್ಕೇ ಹೇಳಿಬಿಡಿ ಎನ್ನುತ್ತೇನೆ ನಾನು. ಆಗ 'ನಾಳೆ ಬೇಗ ಹೊರಡಬೇಕಾ?' ಎಂದು ಗಂಡ ಕೇಳುವ ಮಾತಿಗೂ ಎದೆ ಹೊಡೆದುಕೊಳ್ಳುತ್ತದೆ. ನಡುವಿನ ಅರವತ್ತು ನಿಮಿಷಕ್ಕೆ ಜೀವ ಬರುತ್ತದೆ, ಅಲ್ವಾ?

ಇನ್ನು ಯಾರ ಪರ ನಿಲ್ಲುತ್ತೇವೆ ಎಂಬ ಪ್ರಶ್ನೆ. 1995ರಲ್ಲಿ ಮರ್ರೆ ಸ್ಮಿತ್ ಎಂಬ ವಿದ್ವಾಂಸರು, ಒಂದು ಪಾತ್ರದ ಜೊತೆಗೇ ಸಾಗುವುದು ಬೇರೆ, ಅದನ್ನು ಮೆಚ್ಚಿ ಅದರ ಪರ ನಿಲ್ಲುವುದು ಬೇರೆ ಎಂದರು. ಆದರೆ ಮೊದಲನೆಯದು ಎಷ್ಟು ಸುಲಭವಾಗಿ ಎರಡನೆಯದರ ಕಡೆ ಜಾರುತ್ತದೆ ನೋಡಿ. ಹಿಚ್‌ಕಾಕ್‌ರ 1960ರ 'ಸೈಕೋ' ಚಿತ್ರದಲ್ಲಿ ಮೋಟೆಲ್ ನಡೆಸುವ ನಾರ್ಮನ್, ಕೊಲೆಯಾದವಳ ಶವವಿರುವ ಕಾರನ್ನು ಕೆಸರಿಗೆ ತಳ್ಳುತ್ತಾನೆ. ಕಾರು ಮುಳುಗುತ್ತಾ ಮುಳುಗುತ್ತಾ ನಡುವೆ ನಿಂತುಬಿಡುತ್ತದೆ. ಅವನ ಮುಖದಲ್ಲಿ ಗಾಬರಿ. ಆ ಕ್ಷಣ ನಾವೂ 'ಅಯ್ಯೋ, ಮುಳುಗಲಿ' ಅಂದುಕೊಳ್ಳುತ್ತೇವೆ. ಸ್ವಲ್ಪ ಹೊತ್ತಿನ ಹಿಂದಷ್ಟೇ ಸತ್ತವಳ ಜೊತೆಗಿದ್ದೆವು! ಈಗ ಕ್ಯಾಮೆರಾ ಇವನ ಕೆಲಸವನ್ನೆಲ್ಲ, ನೆಲ ಒರೆಸುವುದನ್ನೂ ಬಿಡದೆ, ತಾಳ್ಮೆಯಿಂದ ತೋರಿಸಿದೆ. ಅವನ ಕಷ್ಟ ನಮ್ಮದಾಗಿದೆ. ಸಿನಿಮಾದ ಈ ಶಕ್ತಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ, ಕೊಂಚ ಹೆದರಿಸುತ್ತದೆ ಕೂಡ.

ಹಾಗಂತ ಎಲ್ಲವನ್ನೂ ಮೊದಲೇ ಹೇಳಬೇಕೆಂದಲ್ಲ. ಪತ್ತೇದಾರಿ ಕಥೆ ನಿಂತಿರುವುದೇ ಬಚ್ಚಿಡುವುದರ ಮೇಲೆ. ಅಲ್ಲಿ ಪತ್ತೇದಾರನಿಗೆ ಸಿಕ್ಕ ಸುಳಿವು ನಮಗೂ ಸಿಗಬೇಕು, ಅಷ್ಟೇ. ಆದರೆ ಪಾತ್ರದ ಮನಸ್ಸಿನೊಳಗೇ ನಮ್ಮನ್ನು ಕೂರಿಸಿ, ಅದಕ್ಕೆ ಗೊತ್ತಿರುವ ಮುಖ್ಯ ಸಂಗತಿಯನ್ನು ಸುಮ್ಮನೆ ಮುಚ್ಚಿಟ್ಟು ಕೊನೆಯಲ್ಲಿ ಹೊರತೆಗೆದರೆ ಪ್ರೇಕ್ಷಕರಿಗೆ ಮೋಸ ಹೋದೆವು ಅನ್ನಿಸುತ್ತದೆ. ಅಂಥ ಟ್ವಿಸ್ಟ್ ಕಂಡರೆ ನಾನು ತೆಗೆದುಹಾಕಿ ಎಂದೇ ಬರೆಯುತ್ತೇನೆ.